ಅಕ್ಕನ ಕುರ್ಚಿ

ಸೊಂಟಕ್ಕೆ ಚಾಪೆ ಸುತ್ತಿಕೊಂಡು ಕಾರು ಓಡಿಸಿದವರಿಗೇ ಗೊತ್ತು ಅದರ ಫಜೀತಿ. ಅಮೆರಿಕದ ಕಾರ್ಮೆಲ್ ವ್ಯಾಲಿಯ ಮನೆ ಬಿಟ್ಟು ಇನ್ನೂ ಓಷನ್‌ಸೈಡ್ ಊರು ದಾಟಿರಲಿಲ್ಲ, ಆಗಲೇ ಚಾಪೆಯ ಮೇಲಂಚು ಪಕ್ಕೆಲುಬಿಗೆ ಒತ್ತಿ ಒತ್ತಿ ವೀರಣ್ಣನ ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಬ್ರೇಕು ಒತ್ತಲು ಕಾಲು ಎತ್ತಿದರೆ ತೊಡೆಯ ಮೇಲೆ ಕರಕರ ಸದ್ದು. ಸೀಟುಬೆಲ್ಟು ಬಿಗಿದರೆ ಎಲ್ಲಿ ಮುರಿದೀತೋ ಎಂದು ಭಯ, ಬಿಚ್ಚಿದರೆ ಕಾರು ಒಂದೇ ಸಮನೆ ಕೂಗುತ್ತಿತ್ತು. ಹರಿದ ಚಾಪೆ ಬೇರೆ. ಅಂಚಿನ ಎಳೆಗಳೆಲ್ಲ ಬಿಟ್ಟುಕೊಂಡು ಸೀಟಿನ ತುಂಬ ಚೆಲ್ಲಿದ್ದವು. ಹರಿದಷ್ಟೂ ಅದರ ಮರ್ಯಾದೆ ಹೆಚ್ಚಂತೆ, ನಾಲ್ಕು ತಲೆಮಾರಿನವರು ಸುತ್ತಿಕೊಂಡು ಬಿಟ್ಟ ಚಾಪೆಯಂತೆ. ಪೆಸಿಫಿಕ್ ಸಮುದ್ರದ ನಡುವಿನ ಟೋಂಗಾ ಎಂಬ ದ್ವೀಪದೇಶ ತನ್ನ ರಾಜನ ಹೆಸರಿನಲ್ಲಿ ಕೊಡುವ ಪದಕವನ್ನು ಬರೀ ಸೂಟಿನಲ್ಲಿ ಹೋಗಿ ಇಸಿದುಕೊಳ್ಳುವುದೆಂದರೆ, ಬನಿಯನ್ನಿನಲ್ಲಿ ಮದುವೆಮನೆಗೆ ಹೋದಷ್ಟೇ ಅವಮಾನವಂತೆ. ಇದನ್ನೆಲ್ಲ ಹೇಳಿದವಳು ಮೆಲೆ, ಇಂಗಲ್‌ವುಡ್ಡಿನ ಟೋಂಗಾದವರ ಚರ್ಚಿನಲ್ಲಿ ಈ ಸಮಾರಂಭದ ಉಸ್ತುವಾರಿ ಹೊತ್ತ ನರ್ಸಮ್ಮ. ಅಷ್ಟು ದೂರದಿಂದ ಬಂದು ಚಾಪೆ ಕೊಟ್ಟು, ಸುತ್ತುವ ರೀತಿಯನ್ನೂ ಕಲಿಸಿ ಹೋಗಿದ್ದಳು. “ಅಲ್ಲಿಗೆ ಹೋದ್ಮೇಲೆ ಸುತ್ಕೋಬಹುದಿತ್ತಲ್ಲ ರೀ,” ಎಂದಳು ಪಕ್ಕದಲ್ಲಿದ್ದ ಹೆಂಡತಿ ಸೌಜನ್ಯಾ. ಬೆಂಗಳೂರಿನವಳು, ಯಾವ ಮಾತನ್ನೂ ಎರಡು ಸಲ ಹೇಳುವವಳಲ್ಲ. “ಅಭ್ಯಾಸ ಆಗ್ಲಿ ಅಂತ,” ಎಂದ ವೀರಣ್ಣ. ನಿಜವೇನೆಂದರೆ, ಬೆಳಿಗ್ಗೆ ಅದನ್ನು ಕಟ್ಟಿಕೊಂಡು ಕನ್ನಡಿಯ ಮುಂದೆ ನಿಂತವನಿಗೆ ಬಿಚ್ಚುವ ಮನಸ್ಸೇ ಬಂದಿರಲಿಲ್ಲ. ಹಿಂದಿನ ಸೀಟಿನಲ್ಲಿ ಮಗಳು ನಿಹಾರಿಕಾ ಅಪ್ಪನ ಫೋಟೋ ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕುತ್ತಿದ್ದಳು. ಹಾಕಲಿ ಬಿಡು ಎಂದುಕೊಂಡ.

ಪದಕದ ಸುದ್ದಿ ಬಂದಂದಿನಿಂದ ವೀರಣ್ಣನಿಗೆ ಇದ್ದದ್ದು ಒಂದೇ ಆಸೆ. ಒಂದು ಫೋಟೋ, ಅದರಲ್ಲಿ ತಾನೊಬ್ಬನೇ ಇರಬೇಕು. ಇದೇನು ಮಹಾ ಆಸೆ ಎಂದು ಕೇಳುವವರಿಗೆ ಅವನ ಅಕ್ಕ ಗುರುಬಸವ್ವನ ಪರಿಚಯವಿಲ್ಲ ಎಂದೇ ಅರ್ಥ. ಎಸ್ಸೆಸ್ಸೆಲ್ಸಿಯಲ್ಲಿ ರ‍್ಯಾಂಕು ಬಂದಾಗ ಹುಬ್ಬಳ್ಳಿಯ ಪೇಪರಿನವರು ಫೋಟೋ ತೆಗೆಯಲು ಮನೆಗೆ ಬಂದಿದ್ದರು. ಮರುದಿನ ಪೇಪರು ಬಿಚ್ಚಿದರೆ ಅಕ್ಕ ನಟ್ಟನಡುವೆ ನಿಂತು ಅವನ ಬಾಯಿಗೆ ಪೇಡೆ ತುರುಕುತ್ತಿದ್ದಾಳೆ, ರ‍್ಯಾಂಕು ಬಂದವನ ಮುಖದಲ್ಲಿ ಕಾಣುವುದು ಒಂದು ಕಣ್ಣು ಮತ್ತು ಪೇಡೆ. ಕೆಳಗೆ ‘ಅಕ್ಕನ ಪರಿಶ್ರಮಕ್ಕೆ ಸಂದ ಫಲ’ ಎಂದು ಅಚ್ಚಾಗಿತ್ತು. ಮದುವೆಯ ಆರತಕ್ಷತೆಯಲ್ಲಿ ಮೈಕು ಹಿಡಿದವಳು ಊಟ ತಣ್ಣಗಾಗುವ ತನಕ ಬಿಡಲಿಲ್ಲ. ವೀರಣ್ಣ ಯಾವ ವಯಸ್ಸಿನ ತನಕ ಹಾಸಿಗೆ ಒದ್ದೆ ಮಾಡುತ್ತಿದ್ದ ಎಂಬುದು ಸೌಜನ್ಯಾಳ ಕಡೆಯವರಿಗೆಲ್ಲ ಅವತ್ತೇ ತಿಳಿದುಹೋಯಿತು. ಅಮೆರಿಕಕ್ಕೆ ಬಂದರೆ ತಪ್ಪೀತೇ ಎಂದರೆ ಅವಳೇ ಮೊದಲು ಬಂದವಳು. ವಾಲ್‌ನಟ್ ಎಂಬ ಊರಿನಲ್ಲಿ ಮನೆ ಮಾರಿಸುವ ಏಜೆಂಟು. ಗುರುಬಸವ್ವ ಎನ್ನಲು ಗಿರಾಕಿಗಳ ನಾಲಿಗೆ ತಿರುಗುವುದಿಲ್ಲವೆಂದು ಗ್ರೇಸ್ ಎಂದು ಹೆಸರಿಟ್ಟುಕೊಂಡು, ಅಲ್ಲಿಯ ಬಸ್ ಸ್ಟಾಪಿನ ಬೆಂಚುಗಳ ಮೇಲೆಲ್ಲ ಕೈಕಟ್ಟಿ ನಗುತ್ತ ನಿಂತಿದ್ದಾಳೆ. ಅಂಗಡಿಯ ತಳ್ಳುಗಾಡಿಗಳ ಮೇಲೂ ಅವಳೇ. ಒಮ್ಮೆ ಅಲ್ಲಿ ಸಂತೆ ಮಾಡುವಾಗ ಅಕ್ಕನ ಮುಖ ಮುಚ್ಚುವ ಹಾಗೆ ಕೊತ್ತಂಬರಿ ಕಟ್ಟು ಇಟ್ಟು ತಳ್ಳಿಕೊಂಡು ಹೋದಾಗ ವೀರಣ್ಣನಿಗೆ ಎಂಥದೋ ನೆಮ್ಮದಿ, ಮರುಕ್ಷಣವೇ ಥೂ ನನ್ನ ಬುದ್ಧಿಗಿಷ್ಟು ಎಂಬ ನಾಚಿಕೆ. ಹಾಗಾಗಿ ಪದಕದ ಸುದ್ದಿಯನ್ನು ಕನ್ನಡ ಕೂಟದ ವಾಟ್ಸಾಪಿಗೂ ಹಾಕಿರಲಿಲ್ಲ. ಹಾಕಿದರೆ ಅಕ್ಕ ನೋಡುತ್ತಾಳೆ, ನೋಡಿದರೆ ಬರುತ್ತಾಳೆ, ಬಂದರೆ ಮೈಕು.

ಅಕ್ಕನನ್ನು ತಪ್ಪಿಸಲು ಹೋಗಿಯೇ ಆ ಎಡವಟ್ಟು ಆದದ್ದು. ಅವತ್ತು ಮೆಲೆ ಫೋನು ಮಾಡಿದಾಗ ಅವನು ಕರ್ನಿ ಮೆಸಾದ ಆಫೀಸಿನ ಪಾರ್ಕಿಂಗಿನಲ್ಲಿದ್ದ. ಎಲ್ಲ ವಿವರ ಹೇಳಿ ಕೊನೆಗೆ, “ನಿಮ್ಮ ಅಕ್ಕ ಬರುತ್ತಾರಲ್ಲ?” ಎಂದಳು. ಟೋಂಗಾದವರಲ್ಲಿ ಒಬ್ಬ ಗಂಡಸಿಗೆ ಏನೇ ಗೌರವ ಸಲ್ಲಲಿ, ಸಭೆಯ ದೊಡ್ಡ ಕುರ್ಚಿ ಅವನದಲ್ಲ, ಅವನ ಅಕ್ಕನದು. ಬಂದ ಉಡುಗೊರೆಯಲ್ಲಿ ಮೇಲಾದದ್ದು ಅವಳಿಗೆ, ಕೇಕಿನ ಮೇಲಿನ ಅಂತಸ್ತು ಅವಳಿಗೆ. ಇದು ನನಗಿರಲಿ ಎಂದು ಅವಳು ಕೈಯಿಟ್ಟದ್ದನ್ನು ಇಲ್ಲವೆನ್ನುವ ಹಾಗಿಲ್ಲ. ಇಡೀ ಭೂಮಂಡಲದಲ್ಲಿ ಹುಡುಕಿ ಹುಡುಕಿ ಇಂಥ ದೇಶವೇ ತನಗೆ ಪದಕ ಕೊಡಬೇಕೇ. “ಅಕ್ಕ ಇಲ್ಲ,” ಎಂದುಬಿಟ್ಟ. ತಟ್ಟನೆ ಮುಂದಿನ ಮಾತಿಗೆ ಹೋಗಿದ್ದರೆ ಅದು ಸಣ್ಣದೊಂದು ಸುಳ್ಳಾಗಿ ಮುಗಿಯುತ್ತಿತ್ತು. ಆದರೆ ಹೇಳಿದ್ದಕ್ಕೆ ತಾನೇ ಬೆಚ್ಚಿ ತಡವರಿಸಿದ. ಆ ತಡವರಿಕೆ ಕೇಳಿ ಮೆಲೆ ಆ ಕಡೆ ಉಸಿರೆಳೆದುಕೊಂಡಳು. “ಅಯ್ಯೋ ಪಾಪ, ತೀರಿಕೊಂಡರೇ,” ಎಂದಳು. ವೀರಣ್ಣ ಕಾರಿನ ಕೀಲಿಯನ್ನು ಕೈಯಲ್ಲಿ ತಿರುಗಿಸಿದ. “ತುಂಬ ದುಃಖವಾಯಿತು,” ಎಂದಳು. “ಥ್ಯಾಂಕ್ಸ್,” ಎಂದ. ಆ ಥ್ಯಾಂಕ್ಸ್ ಎಲ್ಲಿಂದ ಬಂತೋ ಆ ಶಿವನೇ ಬಲ್ಲ. ಅವರ ಹೆಸರೇನು, ನಮ್ಮ ಪಾಸ್ಟರು ಪ್ರಾರ್ಥನೆಯಲ್ಲಿ ಸೇರಿಸುತ್ತಾರೆ ಎಂದಾಗ ಸುಳ್ಳು ಹೆಸರು ಒಂದೂ ಹೊಳೆಯಲಿಲ್ಲ. ಗುರುಬಸವ್ವ ಎಂದ. ಒಂದೊಂದೇ ಅಕ್ಷರ ಬಿಡಿಸಿ ಹೇಳಿಸಿಕೊಂಡಳು ಅವಳು. ಹೇಳುವಾಗ ಬದುಕಿರುವ ಅಕ್ಕನ ಮೇಲೆ ಒಂದೊಂದೇ ಹಿಡಿ ಮಣ್ಣು ಹಾಕುತ್ತಿದ್ದೇನೆ ಎಂದು ವೀರಣ್ಣನಿಗೆ ಅನಿಸಿತು. “ಚಿಂತೆ ಮಾಡಬೇಡ ತಮ್ಮಾ, ಇನ್ನು ಮೇಲೆ ನಾನೇ ನಿನ್ನ ಅಕ್ಕ. ಆ ಕುರ್ಚಿಯಲ್ಲಿ ನಾನು ಕೂರುತ್ತೇನೆ,” ಎಂದಳು ಮೆಲೆ. ಅವತ್ತಿನಿಂದ ದಿನಕ್ಕೊಮ್ಮೆ ಫೋನು: ಊಟ ಆಯಿತೇ, ಬಿಪಿ ನೋಡಿಸಿಕೊಂಡೆಯಾ, ಆ ಕೆಂಪು ಟೈ ಬೇಡ. ಒಬ್ಬ ಅಕ್ಕನಿಂದ ತಪ್ಪಿಸಿಕೊಳ್ಳಲು ಹೋಗಿ ಇನ್ನೊಬ್ಬಳನ್ನು ತಲೆಯ ಮೇಲೆ ಕೂರಿಸಿಕೊಂಡದ್ದಾಯಿತು. ಇದ್ಯಾವುದನ್ನೂ ಅವನು ಸೌಜನ್ಯಾಳಿಗೆ ಹೇಳಿರಲಿಲ್ಲ.

“ಏನ್ ಮಾಡಿದ್ದಕ್ಕೆ ಪದಕ ಅಂತ ಅಲ್ಲಿ ಮಾತಾಡ್ಬೇಕಲ್ಲ, ರೆಡಿ ಮಾಡ್ಕೊಂಡಿದ್ದೀರಾ?” ಎಂದು ಕಾರು ಅರ್ವೈನ್ ಊರು ದಾಟುವಾಗ ಸೌಜನ್ಯಾ ಕೇಳಿದಾಗ ಅವನೊಳಗಿನ ಇನ್ನೊಂದು ಮುಳ್ಳು ಅಲುಗಿತು. ಹಿಂದಿನ ವರ್ಷದ ಜನವರಿಯಲ್ಲಿ ಟೋಂಗಾದ ಕಡಲೊಳಗಿನ ಜ್ವಾಲಾಮುಖಿ ಸಿಡಿದು, ಅಲೆ ಎದ್ದು, ಸಮುದ್ರದಡಿಯ ಕೇಬಲ್ಲು ತುಂಡಾಗಿ ಆ ದೇಶದ ಮಾತು ಜಗತ್ತಿಗೆ ಕೇಳದಂತಾಗಿತ್ತು. ಉಪಗ್ರಹದ ಡಿಶ್ಶು ತಯಾರಿಸುವ ವೀರಣ್ಣನ ಕಂಪನಿ ಕೆಲವನ್ನು ಅಲ್ಲಿಗೆ ಕಳಿಸಿತ್ತು. ಒಂದು ದ್ವೀಪದ ಶಾಲೆಯ ಹೆಡ್‌ಮಾಸ್ತರರು ಸ್ಯಾಟಲೈಟ್ ಫೋನು ಹಿಡಿದು ಡಿಶ್ಶಿನ ಪಕ್ಕ ನಿಂತಿದ್ದರು. ವೀರಣ್ಣ ತನ್ನ ಅಡುಗೆಮನೆಯಲ್ಲಿ ಲ್ಯಾಪ್‌ಟಾಪು ಬಿಚ್ಚಿಟ್ಟುಕೊಂಡು ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ, ಮೇಲಕ್ಕೆ ಎನ್ನುತ್ತಿದ್ದ. ಸಿಗ್ನಲ್ಲು ಜಪ್ಪಯ್ಯ ಎಂದರೂ ಬರಲೊಲ್ಲದು. ಅವತ್ತು ಭಾನುವಾರ. ಪ್ರತಿ ಭಾನುವಾರ ಅಕ್ಕ ಫೋನು ಮಾಡುವುದು, ಅವನು ಅದನ್ನು ಸ್ಪೀಕರಿಗೆ ಹಾಕಿ ಸಿಂಕಿನ ಪಕ್ಕ ಇಟ್ಟು ಪಾತ್ರೆ ತೊಳೆಯುತ್ತ ಹೂಂ ಹೂಂ ಎನ್ನುವುದು ನಡೆದುಬಂದ ಪದ್ಧತಿ. ಅವತ್ತೂ ಹಾಗೇ ಇಟ್ಟು, ಅವಳಿದ್ದಾಳೆಂಬುದನ್ನೇ ಮರೆತಿದ್ದ. ಇದ್ದಕ್ಕಿದ್ದ ಹಾಗೆ ಸಿಂಕಿನ ಕಡೆಯಿಂದ ಅವಳ ದನಿ ಬಂತು. “ಏ ವೀರ್ಯಾ, ಬೂದಿ ಬಿದ್ದದ ಅಂತೀ, ಆ ಡಿಶ್ ಮ್ಯಾಲಿನ ಬೂದಿ ಒರಸ್ಯಾರೇನು ಕೇಳು. ಇಲ್ಲಿ ಗುಡ್ಡಕ್ಕ ಬೆಂಕಿ ಬಿದ್ದಾಗೊಮ್ಮೆ ಸೋಲಾರ್ ಪ್ಯಾನಲ್ ಮ್ಯಾಲ ಬೂದಿ ಕುಂತು ಕರೆಂಟ ಬರೂದಿಲ್ಲ. ನಾ ಮನಿ ತೋರ್ಸೂಕಿಂತ ಮೊದಲ ಒರಸ್ತೀನಿ.” ವೀರಣ್ಣ ಕೇಳಿದ. ಒರೆಸಿರಲಿಲ್ಲ. ಹೆಡ್‌ಮಾಸ್ತರರು ಅಂಗಿ ಬಿಚ್ಚಿ ಒದ್ದೆ ಬೂದಿಯನ್ನು ಒರೆಸಿದರು, ಸಿಗ್ನಲ್ಲು ಬಂತು. ಆ ಲೈನಿನಲ್ಲಿ ಹೋದ ಮೊದಲ ಕರೆಗಳಲ್ಲಿ ಮೆಲೆಯ ತಾಯಿಯದೂ ಒಂದು. ಬದುಕಿದ್ದೇನೆ ಮಗಳೇ ಎಂದಿದ್ದಳಂತೆ. ಹೆಡ್‌ಮಾಸ್ತರರು ಬರೆದರು, ಮೆಲೆ ಓಡಾಡಿದಳು, ಪದಕ ನಿಶ್ಚಯವಾಯಿತು. ‘ವೀರಣ್ಣನವರ ಸಮಯಸ್ಫೂರ್ತಿಗಾಗಿ’ ಎಂದು ಅದರ ಕಾಗದದಲ್ಲಿದೆ. ಲಿಂಗವಂತರ ಮನೆಯಲ್ಲಿ ಹುಟ್ಟಿ, ದಿನಾ ಹಣೆಗೆ ಬೂದಿ ಬಳಿಸಿಕೊಂಡು ಬೆಳೆದವನಿಗೆ ಬೂದಿಯ ನೆನಪಾಗದೆ ಹೋಯಿತಲ್ಲ ಎಂಬುದಕ್ಕಿಂತ, ಅದು ಅಕ್ಕನಿಗೆ ನೆನಪಾಯಿತಲ್ಲ ಎಂಬುದೇ ಅವನನ್ನು ಕೊರೆಯುತ್ತಿತ್ತು. “ರೆಡಿ ಇದೆ,” ಎಂದು ಹೆಂಡತಿಗೆ ಹೇಳಿದ.

ಚರ್ಚಿನ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರ ಸೊಂಟದಲ್ಲೂ ಚಾಪೆ. ವೀರಣ್ಣನದೇ ಎಲ್ಲಕ್ಕಿಂತ ಹೆಚ್ಚು ಹರಿದದ್ದು ಎಂದು ಗಮನಿಸಿ ಅವನಿಗೆ ಖುಷಿಯಾಯಿತು. ಉದ್ದನೆಯ ಮೇಜಿನ ಮೇಲೆ ಇಡಿಯಿಡಿಯಾಗಿ ಸುಟ್ಟ ಹಂದಿಗಳು ಸಾಲಾಗಿ ಮಲಗಿದ್ದವು. ಅದರಾಚೆ ಸಸ್ಯಾಹಾರಿಗಳಿಗೆಂದು ಮೆಲೆ ಗೆಣಸು, ಕಲ್ಲಂಗಡಿ ಇಡಿಸಿ, ನಡುವೆ ಹಂದಿ ಕಾಣದಂತೆ ಹೂಕುಂಡ ಬೇರೆ ಇಟ್ಟಿದ್ದಳು. ಇಷ್ಟು ಒಳ್ಳೆಯವರಿಗೆ ಸುಳ್ಳು ಹೇಳಿದೆನಲ್ಲ ಎಂದು ಅವನಿಗೆ ಸಂಕಟವಾಯಿತು. ವೇದಿಕೆಯ ನಡುವೆ ದೊಡ್ಡ ಕುರ್ಚಿ, ಅದರ ಕಾಲಡಿ ಹೊಸ ಚಾಪೆಗಳ ರಾಶಿ. ಮೆಲೆ ಅದರಲ್ಲಿ ಕೂತಳು ಎನ್ನುವುದಕ್ಕಿಂತ ಸ್ಥಾಪನೆಯಾದಳು ಎನ್ನಬೇಕು. ವೀರಣ್ಣನಿಗೆ ಪಕ್ಕದಲ್ಲಿ ಮಡಿಸುವ ಕುರ್ಚಿ. ಹೋಗಲಿ, ಕುರ್ಚಿ ಯಾರದಾದರೇನು, ಪದಕ ಚುಚ್ಚುವಾಗ ನಿಂತೇ ಇರುತ್ತೇನೆ, ಆಗ ಫೋಟೋದಲ್ಲಿ ನಾನೊಬ್ಬನೇ ಎಂದು ಲೆಕ್ಕ ಹಾಕುತ್ತ ಬಾಗಿಲ ಕಡೆ ನೋಡಿದ. ಹಸಿರು ಇಳಕಲ್ ಸೀರೆ, ಕಪ್ಪು ಕನ್ನಡಕ, ಹೆಗಲಿಗೆ ದೊಡ್ಡ ಚೀಲ. ಅಕ್ಕ.

ನಿಹಾರಿಕಾಳ ಇನ್‌ಸ್ಟಾಗ್ರಾಮು ನೋಡುವವರಲ್ಲಿ ಅತ್ತೆಯೇ ಮೊದಲಿಗಳು ಎಂಬುದನ್ನು ಅವನು ಮರೆತಿದ್ದ. ಫೋಟೋದ ಕೆಳಗೆ ಮಗಳು ಚರ್ಚಿನ ಹೆಸರನ್ನೂ ಹಾಕಿದ್ದಳು. ವಾಲ್‌ನಟ್ಟಿನಿಂದ ಇಂಗಲ್‌ವುಡ್ಡು ಏನು ಮಹಾ ದೂರ. ಗುರುಬಸವ್ವ ಸೀದಾ ವೇದಿಕೆಗೆ ಬರಬಹುದೆಂದು ವೀರಣ್ಣ ಕಣ್ಣು ಮುಚ್ಚಿದ. ಬಿಟ್ಟು ನೋಡಿದರೆ ಅವಳು ಕೊನೆಯ ಸಾಲಿನಿಂದ ಶುರುಮಾಡಿ ಎಲ್ಲರ ಕೈಗೂ ಏನೋ ಕೊಡುತ್ತ ಬರುತ್ತಿದ್ದಳು. ಫ್ರಿಜ್ಜಿಗೆ ಅಂಟಿಸುವ ಕ್ಯಾಲೆಂಡರು, ಮೇಲೆ ಅವಳ ನಗುಮುಖ. “ಗ್ರೇಸ್. ಮನೆ ಕೊಳ್ಳುವುದಿದ್ದರೆ, ಮಾರುವುದಿದ್ದರೆ,” ಎನ್ನುತ್ತಿರುವುದು ಕೇಳಿಸಿತು. ಮೆಲೆ ಬಗ್ಗಿ, “ಯಾರು ಆಕೆ? ನಿಮ್ಮವರಾ?” ಎಂದಳು. “ನಮ್ಮ ಊರ ಕಡೆಯವರು,” ಎಂದ ವೀರಣ್ಣ. ಹೇಳಿದ ಮೇಲೆ ನಾಲಿಗೆಯ ಮೇಲೆ ತುಕ್ಕಿನ ರುಚಿ ಉಳಿಯಿತು. ಗುರುಬಸವ್ವ ಎರಡನೆಯ ಸಾಲಿನಲ್ಲಿ, ದಪ್ಪನೆಯ ಅಜ್ಜಿಯೊಬ್ಬಳ ಪಕ್ಕ ಕೂತು, ಅಲ್ಲಿಂದಲೇ ತಮ್ಮನ ಕಡೆ ನೋಡಿ, ಕಾಲರು ಸರಿಮಾಡಿಕೋ ಎಂದು ಕುತ್ತಿಗೆ ಮುಟ್ಟಿ ತೋರಿಸಿದಳು. ಕೈ ತಾನಾಗಿಯೇ ಮೇಲೆ ಹೋಗಿ ಕಾಲರು ಸರಿಮಾಡಿಕೊಂಡಿತು.

ಪಾಸ್ಟರು ಎದ್ದರು, ಎಲ್ಲರೂ ತಲೆ ತಗ್ಗಿಸಿದರು. ರಾಜನಿಗಾಗಿ, ದೇಶಕ್ಕಾಗಿ, ಅಲೆಯಲ್ಲಿ ಹೋದವರಿಗಾಗಿ ಪ್ರಾರ್ಥನೆಯಾಯಿತು. ಆಮೇಲೆ ಅವರು ಕನ್ನಡಕ ಹಾಕಿಕೊಂಡು ಚೀಟಿ ನೋಡಿ, “ಇಂದು ತಮ್ಮನ ಪಕ್ಕ ಇರಬೇಕಾಗಿದ್ದ, ಆದರೆ ಪ್ರಭುವಿನ ಬಳಿಗೆ ಹೋಗಿರುವ ನಮ್ಮ ಸಹೋದರಿ ಗುರುಬಸವ್ವ...” ಎಂದರು. ಎಷ್ಟು ಕಾಳಜಿಯಿಂದ ಕಲಿತಿದ್ದರೆಂದರೆ, ಆ ಒತ್ತಕ್ಷರವನ್ನು ಧಾರವಾಡದವರೂ ಅಷ್ಟು ಚೆನ್ನಾಗಿ ಒತ್ತುವುದಿಲ್ಲ. ಗುರುಬಸವ್ವ ಕ್ಯಾಲೆಂಡರುಗಳನ್ನು ಎಣಿಸಿ ಚೀಲಕ್ಕೆ ತುಂಬುತ್ತಿದ್ದಳು. ಹಿಂದಿನದು ಕಿವಿಗೆ ಬಿದ್ದಿರಲಿಲ್ಲ, ಹೆಸರೊಂದು ಬಿತ್ತು. ಸಭೆಯೆಲ್ಲ ತಲೆ ತಗ್ಗಿಸಿರುವಾಗ ಅವಳೊಬ್ಬಳೇ ಎದ್ದು ನಿಂತು, ನಾಲ್ಕೂ ದಿಕ್ಕಿಗೆ ತಿರುಗಿ ಕೈಮುಗಿದು, ಸಂಕೋಚದಿಂದ ಸೆರಗು ಸರಿಪಡಿಸಿಕೊಂಡು ಕೂತಳು. ಚರ್ಚಿನ ಹಾಡಿನ ಮೇಳದವರು ಸತ್ತವಳಿಗಾಗಿ ಹಾಡತೊಡಗಿದರು. ಆ ದನಿಗಳು ಒಂದರ ಮೇಲೊಂದು ಏರಿ ಸೂರನ್ನೇ ಎತ್ತುತ್ತಿದ್ದವು. ಗುರುಬಸವ್ವ ತನಗಾಗಿಯೇ ಹಾಡುತ್ತಿದ್ದಾರೆಂದು ತಾಳ ಹಾಕಿದಳು, ಆಮೇಲೆ ಕಣ್ಣೊರೆಸಿಕೊಂಡಳು. ಮುಂದಿನ ಸಾಲಿನಲ್ಲಿ ಸೌಜನ್ಯಾ ಗಂಡನನ್ನೇ ನೋಡುತ್ತಿದ್ದಳು. ಅವಳಿಗೆ ಎಲ್ಲ ಅರ್ಥವಾಗಿತ್ತು. ಈಗಲೇ ಈ ಚಾಪೆಯನ್ನು ತಲೆಯ ತನಕ ಸುತ್ತಿಕೊಂಡು ಒಂದು ಮೂಲೆಯಲ್ಲಿ ನಿಂತುಬಿಟ್ಟರೆ ಹೇಗೆ ಎಂದು ವೀರಣ್ಣ ಯೋಚಿಸಿದ.

ರಾಜನ ಪರವಾಗಿ ಬಂದ ಅಧಿಕಾರಿ ಸಮಯಸ್ಫೂರ್ತಿಯ ಕಾಗದ ಓದಿ ಪದಕ ಚುಚ್ಚಿದರು. ನಿಹಾರಿಕಾ ಫೋಟೋ ತೆಗೆದಳು, ಅದರಲ್ಲಿ ಅವನೊಬ್ಬನೇ ಇದ್ದಿರಬೇಕು. ಆದರೆ ವೀರಣ್ಣನ ಕಣ್ಣು ಎರಡನೆಯ ಸಾಲು ಬಿಟ್ಟು ಕದಲಲಿಲ್ಲ. ಅಕ್ಕ ಪಕ್ಕದ ಅಜ್ಜಿಗೆ ದೊಡ್ಡ ಕುರ್ಚಿಯನ್ನು ತೋರಿಸಿ ಏನೋ ಕೇಳುತ್ತಿದ್ದಳು. ಅಜ್ಜಿ ವಿವರಿಸುತ್ತಿದ್ದಳು: ಕುರ್ಚಿಯ ಕಡೆ ಕೈ, ವೀರಣ್ಣನ ಕಡೆ ಕೈ, ಕೊನೆಗೆ ಆಕಾಶದ ಕಡೆ ಕೈ. ಅಕ್ಕನ ಮುಖದ ನಗು ಆರಲಿಲ್ಲ. ಬಸ್ ಸ್ಟಾಪಿನ ಬೆಂಚಿನ ಮೇಲೆ ಇರುವಂತೆ ಹಾಗೇ ಉಳಿಯಿತು, ಅದೇ ಅವನಿಗೆ ಭಯವಾದದ್ದು. ಅವಳು ಎದ್ದಳು. ಮೆಟ್ಟಿಲು ಹತ್ತಿ ಬಂದು ಪಾಸ್ಟರ ಕೈಯಿಂದ ಮೈಕು ತ್ಯಾಗ ಮಾಡಿಸಿಕೊಂಡಳು.

“ನನ್ನ ಹೆಸರು ಗ್ರೇಸ್,” ಎಂದಳು ಇಂಗ್ಲಿಷಿನಲ್ಲಿ. “ತೀರಿಕೊಂಡ ಗುರುಬಸವ್ವನನ್ನು ನಾನು ಹತ್ತಿರದಿಂದ ಬಲ್ಲೆ. ಎಷ್ಟು ಹತ್ತಿರದಿಂದ ಎಂದರೆ, ಅವಳು ಸ್ನಾನಕ್ಕೆ ಹೋದರೂ ನಾನು ಜೊತೆಗಿರುತ್ತಿದ್ದೆ.” ಸಭೆ ನಿಟ್ಟುಸಿರಿಟ್ಟಿತು. “ನೋಡಲು ತುಂಬ ಚೆಂದವಿದ್ದಳು. ವಯಸ್ಸು ಕೇಳಿದರೆ ಯಾರೂ ನಂಬುತ್ತಿರಲಿಲ್ಲ. ಈ ತಮ್ಮನಿಗೆ ಕಿವಿ ನೋವು ಬಂದಾಗ ರಾತ್ರಿಯಿಡೀ ಬಿಸಿ ಅರಿವೆಯಿಟ್ಟು ಕೂತವಳು. ಅವನ ಬಾಯಿಗೆ ಸಿಹಿ ಹಾಕುವುದೆಂದರೆ ಅವಳಿಗೆ ಪ್ರಾಣ.” ಮೆಲೆ ಆಗಲೇ ಅಳತೊಡಗಿದ್ದಳು. “ಅವಳಲ್ಲೊಂದು ದುರ್ಗುಣವಿತ್ತು. ಮೈಕು ಕಂಡರೆ ಬಿಡುತ್ತಿರಲಿಲ್ಲ. ಯಾಕೆ ಗೊತ್ತೇ? ಅವಳ ಗಂಡ ಹೋಗಿ ವರ್ಷಗಳಾದವು. ಮನೆಯಲ್ಲಿ ಮಾತು ಕೇಳುವವರಿಲ್ಲ. ಭಾನುವಾರಕ್ಕೊಮ್ಮೆ ತಮ್ಮನಿಗೆ ಫೋನು ಮಾಡುತ್ತಿದ್ದಳು. ಅವನು ಅದನ್ನು ಸ್ಪೀಕರಿಗೆ ಹಾಕಿ ಪಾತ್ರೆ ತೊಳೆಯುತ್ತಿದ್ದ. ಅವಳಿಗೆ ಇಡೀ ಹೊತ್ತು ನಲ್ಲಿಯ ಸದ್ದು ಕೇಳುತ್ತಿತ್ತು. ಆದರೂ ಮಾತಾಡುತ್ತಿದ್ದಳು.” ಇನ್ನು ಬೂದಿಯ ಮಾತು ಬರುತ್ತದೆ, ಬಂದೇ ಬರುತ್ತದೆ ಎಂದು ವೀರಣ್ಣ ಹಲ್ಲು ಕಚ್ಚಿ ನಿಂತ. ಗುರುಬಸವ್ವ ಅವನ ಎದೆಯ ಪದಕವನ್ನು ನೋಡಿದಳು. “ಅವಳು ಇವತ್ತು ಇದ್ದಿದ್ದರೆ ಒಂದು ಮಾತು ಹೇಳುತ್ತಿದ್ದಳು. ಇದು ನನ್ನ ತಮ್ಮ ತಾನೇ ಗಳಿಸಿದ್ದು, ಇದರಲ್ಲಿ ನನ್ನದೇನೂ ಇಲ್ಲ ಎಂದು.” ಇಷ್ಟು ಹೇಳಿ ಮೈಕನ್ನು ತಾನಾಗಿಯೇ ಹಿಂದಕ್ಕೆ ಕೊಟ್ಟಳು. ಅದು ಅವಳ ಜೀವಮಾನದಲ್ಲೇ ಮೊದಲು.

ಮೆಲೆಗೆ ತಡೆಯಲಾಗಲಿಲ್ಲ. ಎದ್ದು ಬಂದು ಗುರುಬಸವ್ವನನ್ನು ತಬ್ಬಿದಳು. ಇಳಕಲ್ ಸೀರೆ ಆ ಅಪ್ಪುಗೆಯೊಳಗೆ ಮಾಯವಾಯಿತು. ಸತ್ತವಳಿಗೆ ಇಷ್ಟು ಬೇಕಾದವಳು ಇರುವಾಗ ನಾನು ಕೂರುವುದು ಸರಿಯಲ್ಲ ಎಂದು, ಕೈಹಿಡಿದು ದೊಡ್ಡ ಕುರ್ಚಿಯಲ್ಲಿ ಅವಳನ್ನೇ ಕೂರಿಸಿದಳು. ಹೀಗೆ ಗುರುಬಸವ್ವ ತನ್ನ ಜಾಗದಲ್ಲಿ ತನ್ನ ಬದಲಿಗೆ ತಾನೇ ಕೂತಳು. ಪದ್ಧತಿಯಂತೆ ವೀರಣ್ಣ ಮಂಡಿಯೂರಿ ಹೂಹಾರ ಹಾಕಬೇಕು. ಊರಿದ. ಚಾಪೆ ಕರಕರ ಎಂದಿತು. ಹಾರ ಹಾಕಲು ಬಗ್ಗಿದಾಗ ಅಕ್ಕ ಅವನ ಕಿವಿಯಲ್ಲಿ, “ಬರಬ್ಯಾಡ ಅಂದಿದ್ರ ಬರ್ತಿದ್ದಿಲ್ಲೋ,” ಎಂದಳು. “ಕೊಲ್ಲೂದ್ಯಾಕ ಬೇಕಾಗಿತ್ತು?” ಸಿಟ್ಟಿರಲಿಲ್ಲ ಅದರಲ್ಲಿ. ಹತ್ತಿರದಿಂದ ನೋಡಿದಾಗ ಕಪ್ಪು ಕನ್ನಡಕದೊಳಗೆ ಅವಳ ಕಣ್ಣು ತುಂಬಿದ್ದು ಕಾಣಿಸಿತು. ವೀರಣ್ಣನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಈಗ ಪದಕ ಪಡೆದವರ ಮಾತು ಎಂದರು ಪಾಸ್ಟರು. ಸುಮ್ಮನೆ ಧನ್ಯವಾದ ಹೇಳಿ ಕೂತರೆ ಎಲ್ಲವೂ ಚೊಕ್ಕವಾಗಿ ಮುಗಿಯುತ್ತದೆ: ಪದಕವೂ ಅವನದು, ಫೋಟೋವೂ ಅವನದು, ಅಕ್ಕ ತಾನೇ ತನ್ನದೇನಿಲ್ಲ ಎಂದು ಸಭೆಯೆದುರು ಬಿಟ್ಟುಕೊಟ್ಟಿದ್ದಾಳೆ. ಮೈಕು ಕೈಗೆ ಬಂತು. ರೆಡಿ ಮಾಡಿಕೊಂಡಿದ್ದ ಮಾತಿನಲ್ಲಿ ಒಂದಕ್ಷರವೂ ನೆನಪಾಗಲಿಲ್ಲ. “ಬೂದಿ ಒರೆಸು ಅಂದದ್ದು ನಾನಲ್ಲ,” ಎಂದ. “ನಮ್ಮ ಅಕ್ಕ. ಅವಳು ಹೇಳಿದ್ದನ್ನು ನಾನು ಫೋನಿನಲ್ಲಿ ಹೇಳಿದೆ, ಅಷ್ಟೇ. ಅವಳು ಸತ್ತಿಲ್ಲ. ಕುರ್ಚಿಯಲ್ಲಿ ಕೂತಿದ್ದಾಳಲ್ಲ, ಅವಳೇ ಗುರುಬಸವ್ವ. ಬಂದರೆ ಇದನ್ನೂ ಅವಳೇ ತೆಗೆದುಕೊಂಡಾಳು ಅಂತ ಇಲ್ಲ ಎಂದುಬಿಟ್ಟೆ.”

ಮೆಲೆಯ ಮುಖ ನೋಡುವ ಧೈರ್ಯ ವೀರಣ್ಣನಿಗಾಗಲಿಲ್ಲ. ಪಾಸ್ಟರು ಚೀಟಿಯನ್ನು ನೋಡಿದರು, ಕುರ್ಚಿಯನ್ನು ನೋಡಿದರು, ಕನ್ನಡಕ ತೆಗೆದರು. “ನಲವತ್ತು ವರ್ಷದಿಂದ ಪ್ರಾರ್ಥನೆ ಮಾಡುತ್ತಿದ್ದೇನೆ,” ಎಂದರು. “ಇಷ್ಟು ಬೇಗ ಫಲ ಸಿಕ್ಕಿದ್ದು ಇದೇ ಮೊದಲು.” ಮೊದಲು ನಕ್ಕವಳು ಎರಡನೆಯ ಸಾಲಿನ ಅಜ್ಜಿ. ಆಮೇಲೆ ಆ ಸಭಾಂಗಣ ನಕ್ಕ ರೀತಿಗೆ ಹಂದಿಗಳ ತಟ್ಟೆಗಳೂ ಅಲುಗಾಡಿದವು. ಮೆಲೆ ಬಂದು ವೀರಣ್ಣನ ಕಿವಿ ಹಿಡಿದು ಹಿಂಡಿದಳು, ತಮಾಷೆಗೇನೂ ಅಲ್ಲ, ಚೆನ್ನಾಗಿಯೇ ಹಿಂಡಿದಳು; ಗುರುಬಸವ್ವ ಕುರ್ಚಿಯಿಂದಲೇ, “ಇನ್ನೊಂದು ಕಿವಿ ನನಗಿರಲಿ,” ಎಂದಳು. ಮೇಳದವರು ಮತ್ತೊಂದು ಹಾಡು ತೆಗೆದರು, ಈ ಸಲ ಕುಣಿಯುವಂಥದು. ಹೊಸ ಚಾಪೆಗಳೆಲ್ಲ ಗುರುಬಸವ್ವನ ಪಾಲಿಗೆ ಹೋದವು. ಎಲ್ಲಕ್ಕಿಂತ ದೊಡ್ಡ ಹಂದಿಯನ್ನೂ ನಾಲ್ಕು ಜನ ಹೊತ್ತು ತಂದು ಅವಳ ಮುಂದಿಟ್ಟಾಗ, ಮೂಗಿಗೆ ಸೆರಗು ಹೋಗದಂತೆ ಬಹಳ ಕಷ್ಟಪಟ್ಟು ಕೈ ತಡೆದುಕೊಂಡು, ರಾಣಿಯ ಗತ್ತಿನಲ್ಲಿ ಅದನ್ನು ಮೇಳದವರಿಗೆ ದಯಪಾಲಿಸಿದಳು.

ಆಮೇಲೆ ವೀರಣ್ಣನ ಕಡೆ ಕೈ ಚಾಚಿದಳು. ಏನೆಂದು ಕೇಳಬೇಕಾಗಿರಲಿಲ್ಲ. ಪದಕದ ಪಿನ್ನು ಬಿಚ್ಚುವಾಗ ಅವನ ಬೆರಳು ಒಂದು ಕ್ಷಣ ನಿಂತಿತು. ಆ ಒಂದು ಕ್ಷಣ ಯಾರಿಗೂ ಕಾಣಲಿಲ್ಲ, ಅಕ್ಕನಿಗೆ ಕಂಡಿತು. “ಖರೇನ ನಾನ ಹೇಳಿದ್ನೇನೋ, ಬೂದಿ ಒರಸು ಅಂತ?” ಎಂದಳು. “ಹೂಂ.” “ನನಗ ನೆನಪ ಇಲ್ಲ ಬಿಡು. ಭಾನುವಾರ ನಾ ಏನೇನ ಮಾತಾಡಿರ್ತೀನೋ.” ಅವಳು ಯಾವತ್ತು ಬಾಯಿಬಿಡುತ್ತಾಳೋ ಎಂದು ವೀರಣ್ಣ ವರ್ಷಕ್ಕೂ ಹೆಚ್ಚು ಕಾಲ ಹೆದರಿ ಒದ್ದಾಡಿದ್ದು ಅವಳಿಗೆ ನೆನಪೇ ಇಲ್ಲದ ಮಾತಿಗೆ. ಗುರುಬಸವ್ವ ಪದಕವನ್ನು ತಿರುಗಿಸಿ ಮುರುಗಿಸಿ ನೋಡಿ, ಮೇಲಿದ್ದ ಬೆರಳಚ್ಚನ್ನು ಸೆರಗಿನಿಂದ ಒರೆಸಿ, ಅವನ ಕೋಟಿಗೇ ವಾಪಸು ಚುಚ್ಚಿದಳು. “ನನಗ ಬ್ಯಾಡಪ್ಪ, ಪಿನ್ನಿಗೆ ಸೀರಿ ಹರೀತದ,” ಎಂದಳು. ಪದಕ ತನ್ನಲ್ಲೇ ಉಳಿಯಿತೆಂದು ವೀರಣ್ಣನಿಗೆ ಸಮಾಧಾನವಾಯಿತು, ಸಮಾಧಾನವಾಯಿತಲ್ಲ ಎಂದು ನಾಚಿಕೆಯೂ ಆಯಿತು. ಅಷ್ಟರಲ್ಲಿ ಕೇಕಿನ ಮೇಲಿನ ಅಂತಸ್ತು ಅಕ್ಕನ ಕೈಗೆ ಬಂತು; ನಿಹಾರಿಕಾ, “ಅತ್ತೆ, ಡ್ಯಾಡ್, ಲುಕ್ ಹಿಯರ್,” ಎಂದಳು. ಇಬ್ಬರೂ ತಿರುಗಿದರು. ಆ ಫೋಟೋ ಈಗ ಕನ್ನಡ ಕೂಟದ ವಾಟ್ಸಾಪಿನಲ್ಲಿದೆ. ಅಕ್ಕ ನಟ್ಟನಡುವೆ ನಿಂತು ತಮ್ಮನ ಬಾಯಿಗೆ ಕೇಕು ತುರುಕುತ್ತಿದ್ದಾಳೆ, ಪದಕ ಅವಳ ಮೊಣಕೈ ಹಿಂದೆ ಹೋಗಿದೆ, ವೀರಣ್ಣನ ಮುಖದಲ್ಲಿ ಕಾಣುವುದು ಒಂದು ಕಣ್ಣು ಮತ್ತು ಕೇಕು. ಊಟ ಮುಗಿಯುವ ಹೊತ್ತಿಗೆ ಗುರುಬಸವ್ವನಿಗೆ ಎಲ್ಲ ನೆನಪಾಗಿತ್ತು; ಒಂದೊಂದು ಮೇಜಿಗೂ ಹೋಗಿ, ಬೂದಿ ಒರೆಸಲು ತಾನು ಹೇಗೆ ಹೇಳಿದೆ ಎಂದು ಅಭಿನಯಿಸಿ ತೋರಿಸಿದಳು.

ಮರುವಾರದ ಭಾನುವಾರ, ವೀರಣ್ಣ ಸಿಂಕಿನ ಮುಂದೆ ಕುಕ್ಕರು ಉಜ್ಜುತ್ತಿದ್ದಾಗ ಫೋನು ಬಂತು. ಸ್ಪೀಕರಿಗೆ ಹಾಕಲು ಹೋದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡ. ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ಫೋನನ್ನು ಕಿವಿಗಿಟ್ಟು ಕುರ್ಚಿ ಎಳೆದು ಕೂತ. “ಹೇಳಕ್ಕಾ,” ಎಂದ.

“ಯಾಕೋ,” ಎಂದಳು ಅಕ್ಕ, “ನಿಮ್ಮ ಕಡೆ ಇವತ್ತು ನೀರು ಬಂದಿಲ್ಲೇನು?”